ಬಸ್ಸಾರಿನ ಬಜೆಟ್ ಭಾಷಣ

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಅರ್ಧ ಲೋಟ ಟೀ ಕುಡಿಯಬೇಕೆಂದರೂ ಹತ್ತು ರೂಪಾಯಿ ಬಿಚ್ಚಬೇಕು. ಅಲ್ಲಿಂದ ಕೂಗಳತೆಯಲ್ಲಿರುವ ಯಾವುದೇ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಕೇಳಿ. ಒಂದು ಮಗುವಿನ ಮಧ್ಯಾಹ್ನದ ಊಟಕ್ಕೆ ಬೇಳೆ, ತರಕಾರಿ, ಎಣ್ಣೆ, ಹುಳಿ, ಖಾರ, ಉರುವಲು ಎಲ್ಲ ಸೇರಿಸಿ ಸರ್ಕಾರ ಕಟ್ಟಿರುವ ಬೆಲೆ 6 ರೂಪಾಯಿ 78 ಪೈಸೆ. 2025ರ ಮೇ 1ರಿಂದ ಜಾರಿಗೆ ಬಂದ ದರವಿದು. ಅದಕ್ಕೆ ಮೊದಲು 6 ರೂಪಾಯಿ 19 ಪೈಸೆ ಇತ್ತು. ಬೆಲೆಯೇರಿಕೆಯ ಸಂಕಟವನ್ನು ಆಳವಾಗಿ ಮನಗಂಡು, ಸೂಚ್ಯಂಕಗಳನ್ನು ಅಳೆದು ಸುರಿದು, ಕಡತವನ್ನು ಮೇಜಿನಿಂದ ಮೇಜಿಗೆ ಮೆರವಣಿಗೆ ಮಾಡಿಸಿ, ಕೊನೆಗೆ ದೇಶ ತನ್ನ ಮಕ್ಕಳ ತಟ್ಟೆಗೆ 59 ಪೈಸೆ ಹೆಚ್ಚಿಸಿತು.

ಈ 78 ಪೈಸೆಯಲ್ಲೊಂದು ಮಜಾ ಇದೆ. 25 ಪೈಸೆ ಮತ್ತು ಅದರ ಕೆಳಗಿನ ನಾಣ್ಯಗಳಿಗೆಲ್ಲ 2011ರ ಜೂನ್ 30ಕ್ಕೇ ಎಳ್ಳುನೀರು ಬಿಟ್ಟಾಗಿದೆ. ಕಾನೂನಿನ ಪ್ರಕಾರ ಉಸಿರಾಡುತ್ತಿರುವುದು 50 ಪೈಸೆ ಒಂದೇ. ಅದನ್ನೂ ಸೊಪ್ಪಿನವಳ ಮುಂದೆ ಚಾಚಿ ನೋಡಿ, ನಿಮ್ಮ ಕುಲಗೋತ್ರ ವಿಚಾರಿಸುತ್ತಾಳೆ. ಅಂದರೆ ಪ್ರತಿ ಮಗುವಿನ ಊಟದಲ್ಲೂ 28 ಪೈಸೆಯಷ್ಟು ಭಾಗ ಈ ದೇಶದ ಯಾವ ನಾಣ್ಯಕ್ಕೂ ಸಿಗದಂಥದ್ದು. ಇದರಲ್ಲಿ ಮತ್ತೆ ಪಾಲು ಬೇರೆ: ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. 4 ರೂಪಾಯಿ 7 ಪೈಸೆ ದಿಲ್ಲಿಯದು, 2 ರೂಪಾಯಿ 71 ಪೈಸೆ ಬೆಂಗಳೂರಿನದು. ಸಾರಿನಲ್ಲಿ ತೇಲುತ್ತಿರುವ ಕರಿಬೇವಿನ ಎಲೆ ಯಾರ ಅನುದಾನ ಎಂಬ ಬಗ್ಗೆ ಇನ್ನೂ ಪತ್ರಿಕಾಗೋಷ್ಠಿ ನಡೆದಿಲ್ಲ. ಚುನಾವಣೆ ಬರಲಿ, ನಡೆಯುತ್ತದೆ.

ಲೆಕ್ಕ ಹಾಕಿಯೇಬಿಡೋಣ. ಒಂದರಿಂದ ಐದನೇ ತರಗತಿಯ ಮಗುವಿಗೆ ನಿಯಮದ ಪ್ರಕಾರ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇಷ್ಟರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೊಟೀನು ಹೊರಡಬೇಕು. ಧಾನ್ಯ ಪುಕ್ಕಟೆ ಬರುತ್ತದೆ, ಅದನ್ನು ಬಿಡಿ. ತೊಗರಿಬೇಳೆ ಕಿಲೋಗೆ 120 ಎಂದು ಹಿಡಿದರೆ 20 ಗ್ರಾಮಿಗೆ 2 ರೂಪಾಯಿ 40 ಪೈಸೆ. ತರಕಾರಿ ಕಿಲೋಗೆ 40 ಅಂದರೆ 2 ರೂಪಾಯಿ. ಎಣ್ಣೆ ಕಿಲೋಗೆ 150 ಅಂದರೆ 75 ಪೈಸೆ. ಮೊತ್ತ 5 ರೂಪಾಯಿ 15 ಪೈಸೆ. ಮಿಕ್ಕ 1 ರೂಪಾಯಿ 63 ಪೈಸೆಯಲ್ಲಿ ಉಪ್ಪು, ಹುಣಸೆ, ಮೆಣಸಿನಪುಡಿ, ಒಗ್ಗರಣೆ, ಗ್ಯಾಸು. ಟೊಮೆಟೊ ಶಿಸ್ತಾಗಿ ವರ್ತಿಸಿದರೆ ಈ ಲೆಕ್ಕ ಸರಿಹೋಗುತ್ತದೆ. 2023ರ ಜುಲೈನಲ್ಲಿ ಅದು ಕಿಲೋಗೆ ನೂರು ದಾಟಿದಾಗ ಸಾರಿನಿಂದ ಗಳಿಕೆ ರಜೆ ಪಡೆದು ಹೋಗಿತ್ತು. ಹುಣಸೆಹಣ್ಣು ಪ್ರಭಾರ ವಹಿಸಿಕೊಂಡಿತ್ತು.

ಮೊಟ್ಟೆಯ ವಿಷಯ ಇನ್ನೂ ಸೊಗಸು. ಒಂದು ಮೊಟ್ಟೆಗೆ 6 ರೂಪಾಯಿ. ಕೊಳ್ಳುವುದು, ಸಾಗಿಸುವುದು, ಬೇಯಿಸುವುದು, ಸಿಪ್ಪೆ ಸುಲಿಯುವುದು ಎಲ್ಲವೂ ಇದರೊಳಗೇ, ಒಂದೊಂದಕ್ಕೂ ಪೈಸೆ ಲೆಕ್ಕದಲ್ಲಿ ಬಾಬ್ತು. ಮೊಟ್ಟೆ ಸುಲಿಯಲು ಪೈಸೆ ಲೆಕ್ಕದಲ್ಲಿ ಕೂಲಿ ಕಟ್ಟಿದ ಆಡಳಿತ ಜಗತ್ತಿನಲ್ಲಿ ಬೇರೆ ಇದ್ದರೆ ಅದರ ವಿಳಾಸ ಬೇಕು. ಕೋಳಿ ಮಾತ್ರ ಸಹಕರಿಸುತ್ತಿಲ್ಲ. ಮಾರುಕಟ್ಟೆಯಲ್ಲಿ ಮೊಟ್ಟೆಯೇ ಆರು ರೂಪಾಯಿ ದಾಟಿದ ವಾರ ಶಾಲೆಯ ಮೇಷ್ಟ್ರು ತಮ್ಮ ಜೇಬಿನ ಕಡೆ ನೋಡಿಕೊಳ್ಳುತ್ತಾರೆ.

ಹೀಗೆ ಕಡಿಮೆ ದುಡ್ಡಿನಲ್ಲಿ ಪೌಷ್ಟಿಕ ಅಡುಗೆ ಮಾಡುವ ವಿದ್ಯೆಯನ್ನು ಈ ನಾಡಿನಲ್ಲಿ ನಿಜಕ್ಕೂ ಬಲ್ಲವರು ಬಿಸಿಯೂಟದ ಅಡುಗೆಯವರು. ಅಕ್ಷರ ದಾಸೋಹ ಶುರುವಾದಾಗಿನಿಂದ ನಮ್ಮ ಜಾವಗಲ್ಲು, ಬಾಣಾವರ, ಗಂಡಸಿ, ಹಳೇಬೀಡು ಎಲ್ಲ ಕಡೆಯೂ ಈ ಹೆಂಗಸರು ಅರ್ಥಶಾಸ್ತ್ರಜ್ಞರು ಕನಸಿನಲ್ಲೂ ಹೊಂದಿಸಲಾಗದ್ದನ್ನು ಬೆಳಗ್ಗೆ ಹನ್ನೊಂದೂವರೆಯೊಳಗೆ ಹೊಂದಿಸಿ ಮುಗಿಸುತ್ತಾರೆ. ಇಂಥ ಪ್ರತಿಭೆಗೆ ಕೇಂದ್ರದ ಲೆಕ್ಕದಲ್ಲಿ ಗೌರವಧನ ತಿಂಗಳಿಗೆ 1000 ರೂಪಾಯಿ. ಈ ಅಂಕಿ 2009ರಿಂದ ಧ್ಯಾನಸ್ಥ ಸ್ಥಿತಿಯಲ್ಲಿದೆ, ಕದಲಿಲ್ಲ. ಅದೂ ವರ್ಷಕ್ಕೆ ಹತ್ತೇ ತಿಂಗಳು, ಬೇಸಿಗೆ ರಜೆಯಲ್ಲಿ ಅಡುಗೆಯವರಿಗೆ ಹೊಟ್ಟೆ ಇರುವುದಿಲ್ಲವಲ್ಲ. ಮಿಕ್ಕಿದ್ದನ್ನು ರಾಜ್ಯ ಸೇರಿಸುತ್ತದೆ. ಅದು ಹೆಚ್ಚಾಗಬೇಕಾದಾಗಲೆಲ್ಲ ಅವರು ಸೌಟು ಕೆಳಗಿಟ್ಟು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕು.

ಈಗ ಇವರಿಗೆ ಪಾಠ ಹೇಳುವವರ ಕಡೆ ತಿರುಗೋಣ.

ಮೊಬೈಲು ಒರೆಸಿದರೆ ಸಾಕು, ‘ಬಡವರ ಬಜೆಟ್ಟಿನಲ್ಲಿ ಶ್ರೀಮಂತ ಪೋಷಣೆ’ ಎಂದು ಯಾರೋ ಅಮೃತಶಿಲೆಯ ಅಡುಗೆಕಟ್ಟೆಯ ಹಿಂದೆ ನಿಂತು ನಗುತ್ತಿರುತ್ತಾರೆ. ‘ಎಲ್ಲವೂ ನಿಮ್ಮ ಮನೆಯಲ್ಲೇ ಇರುವಂಥದ್ದು’ ಎಂದು ಶುರುಮಾಡಿ ಕಿನೊವಾ, ಚಿಯಾ ಬೀಜ, ಬೆಣ್ಣೆಹಣ್ಣು, ಆಲಿವ್ ಎಣ್ಣೆ ಒಂದೊಂದಾಗಿ ಗಾಜಿನ ಬಟ್ಟಲಲ್ಲಿ ಬರುತ್ತವೆ. ಯಾರ ಮನೆಯ ಬಗ್ಗೆ ಹೇಳುತ್ತಿದ್ದಾರೆಂದು ಕೇಳಬಾರದು. ನಮ್ಮ ಕಣಕಟ್ಟೆ ಹೋಬಳಿಯ ಕಡೆ ಮನೆಯಲ್ಲೇ ಇರುವಂಥದ್ದು ಎಂದರೆ ಗುಡಾಣದಲ್ಲಿ ರಾಗಿ, ಡಬ್ಬಿಯಲ್ಲಿ ಹುರುಳಿ, ಅಟ್ಟದ ಮೇಲೆ ತೆಂಗಿನಕಾಯಿ, ಸಹಕಾರ ಸಂಘದ ನೋಟಿಸು. ಇವರ ಸಲಹೆ ಮುಂದುವರಿಯುತ್ತದೆ: ‘ವಾರಾಂತ್ಯದಲ್ಲಿ ಎಲ್ಲ ಬೇಯಿಸಿ ಫ್ರೀಜರಿನಲ್ಲಿಡಿ.’ ವಾರಾಂತ್ಯ ಎಂಬುದು ಹಸು ಕಟ್ಟಿದವರ ಪಂಚಾಂಗದಲ್ಲಿ ಇಲ್ಲ. ಫ್ರೀಜರು ಇದ್ದರೂ, ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ ಎದ್ದು ನೀರು ಕಟ್ಟುವ ಊರಿನಲ್ಲಿ ಅದನ್ನು ನಂಬಿ ಸಾರು ಮಾಡಿಟ್ಟವರು ಯಾರು?

ನಿಜ ಹೇಳಬೇಕೆಂದರೆ, ಈ ಪಂಡಿತರು ಕಂಡುಹಿಡಿಯಲು ಒದ್ದಾಡುತ್ತಿರುವುದನ್ನು ಬಯಲುಸೀಮೆಯ ಯಾವಳೋ ಪುಣ್ಯಾತ್ಗಿತ್ತಿ ಎಂದೋ ಕಂಡುಹಿಡಿದು, ಪೇಟೆಂಟು ಮಾಡಿಸದೆ, ಹೆಸರೂ ಬರೆಯದೆ ಹೋಗಿಬಿಟ್ಟಿದ್ದಾಳೆ. ಅದು ಬಸ್ಸಾರು.

ಹುರುಳಿಯನ್ನೋ ಅಲಸಂದೆಯನ್ನೋ ರಾತ್ರಿ ನೆನೆಹಾಕಿ, ಬೆಳಗ್ಗೆ ಬೇಯಲಿಟ್ಟು, ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಬೆಂದ ಮೇಲೆ ನೀರು ಬಸಿಯಬೇಕು. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಬೀಜ, ಹುಣಸೆ, ಒಂದು ಹೋಳು ಕಾಯಿ ಅರೆದು ಕುದಿಸಿದರೆ ಸಾರು. ಬಸಿದು ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಸೊಪ್ಪು ಬೇಯಿಸಿದಾಗ ನೀರಿಗಿಳಿಯುವ ಫೋಲೇಟು, ಪೊಟ್ಯಾಸಿಯಂಗಳು ಮೋರಿಗೆ ಹೋಗದೆ ತಟ್ಟೆಗೇ ವಾಪಸಾಗುತ್ತವೆ. ರಾಗಿಯಲ್ಲಿ ಕಡಿಮೆಯಿರುವ ಲೈಸೀನನ್ನು ಹುರುಳಿ ತುಂಬಿಕೊಡುತ್ತದೆ, ಹುರುಳಿಯಲ್ಲಿ ಕಡಿಮೆಯಿರುವ ಮೆಥಿಯೊನೀನನ್ನು ರಾಗಿ. ಹುರುಳಿ ಮೊಳಕೆ ಕಟ್ಟಿದ್ದರೆ ಕಬ್ಬಿಣಾಂಶವನ್ನು ಕಟ್ಟಿಹಾಕುವ ಫೈಟೇಟು ಸಡಿಲವಾಗುತ್ತದೆ, ಮೇಲೊಂದು ನಿಂಬೆಹಣ್ಣು ಹಿಂಡಿದರೆ ಆ ಕಬ್ಬಿಣ ಮೈಗೆ ಹತ್ತುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇದನ್ನೆಲ್ಲ ನಮ್ಮಜ್ಜಿ ಬಲ್ಲವಳಾಗಿದ್ದಳೆಂದು ನಾನು ಹೇಳಲಾರೆ. ಅವಳಿಗೆ ಗೊತ್ತಿದ್ದದ್ದು ‘ಮುದ್ದೆ ಉಂಡರೆ ಸಂಜೆಗಂಟ ತಡೀತದೆ’ ಎಂಬುದಷ್ಟೆ. ವಿಜ್ಞಾನ ಆಮೇಲೆ ಬಂದು ‘ಹೌದಮ್ಮ’ ಎಂದು ಷರಾ ಬರೆಯಿತು.

ಐದು ಜನರ ಮನೆಗೆ ಖರ್ಚು ಎಷ್ಟು? 600 ಗ್ರಾಂ ರಾಗಿ, 2025–26ರ ಬೆಂಬಲ ಬೆಲೆಯಲ್ಲಿ, ಅಂದರೆ ಕ್ವಿಂಟಲಿಗೆ 4886ರ ಲೆಕ್ಕದಲ್ಲಿ 30 ರೂಪಾಯಿಯೊಳಗೆ. 200 ಗ್ರಾಂ ಹುರುಳಿ, ಕಿಲೋ 80 ಎಂದರೂ 16 ರೂಪಾಯಿ. ಕಾಯಿ, ಸಾಂಬಾರ, ಎಣ್ಣೆ, ಉರುವಲು ಎಲ್ಲ ಹಿಡಿದು ನೂರರೊಳಗೆ ಮುಗಿಯಿತು. ತಲೆಗೆ 17 ಗ್ರಾಂ ಪ್ರೊಟೀನು, 400 ಮಿಲಿಗ್ರಾಂ ದಾಟುವ ಕ್ಯಾಲ್ಸಿಯಂ. ಪಂಡಿತರು ಕುಣಿದಾಡುವಂಥ ಅಂಕಿ.

ಅವರು ಕುಣಿಯಲು ಎದ್ದೇಳುವ ಮೊದಲು ಇನ್ನೊಂದು ಸಾಲು ಸೇರಿಸುತ್ತೇನೆ. ಸೊಪ್ಪು ಆಯ್ದು, ಸೋಸಿ, ತೊಳೆದು, ಕಾಳು ಬೇಯಿಸಿ, ಅರೆದು, ಬಸಿದು, ಹಿಟ್ಟು ತೊಳಸಿ, ಮುದ್ದೆ ಕಟ್ಟಿ, ಕೊನೆಗೆ ತಳ ಹಿಡಿದ ಪಾತ್ರೆ ತಿಕ್ಕಲು ಮೂರು ಗಂಟೆ ಬೇಕು. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಯ ದಿನವೆಂದರೆ ಮೂರು ಗಂಟೆಗೆ 139 ರೂಪಾಯಿ ಆಯಿತು. ಅಂದರೆ ಬಸ್ಸಾರಿನಲ್ಲಿ ಅತಿ ದುಬಾರಿ ಪದಾರ್ಥ ಹುರುಳಿಯಲ್ಲ, ತೆಂಗಿನಕಾಯಿಯೂ ಅಲ್ಲ, ಬಸಿಯುವವಳು. ‘ಹಳ್ಳಿ ಊಟ ಎಷ್ಟು ಅಗ್ಗ ನೋಡಿ’ ಎನ್ನುವ ಪ್ರತಿಯೊಬ್ಬರೂ ಈ ಒಂದು ಪದಾರ್ಥವನ್ನು ಮಾತ್ರ ಬಿಟ್ಟಿ ಎಂದು ಬರೆದುಕೊಂಡಿರುತ್ತಾರೆ. 2024ರ ರಾಷ್ಟ್ರೀಯ ಕಾಲ ಬಳಕೆ ಸಮೀಕ್ಷೆ ಹೇಳುವಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸು ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡಸು 88 ನಿಮಿಷ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳಲು ತೆಗೆದುಕೊಂಡ ಸಮಯವೂ ಆ 88ರಲ್ಲಿ ಸೇರಿದೆಯೋ ಇಲ್ಲವೋ, ಸಮೀಕ್ಷೆ ಬಿಡಿಸಿ ಹೇಳುವುದಿಲ್ಲ.

ಸೊಪ್ಪಿಗೆ ದುಡ್ಡೇ ಹಿಡಿದಿಲ್ಲವಲ್ಲ ಎಂದು ಚುರುಕು ಓದುಗರು ಕೇಳಬಹುದು. ಬೆರಕೆ ಸೊಪ್ಪು ಬಿಟ್ಟಿ ಎಂದೇ ನಮ್ಮಲ್ಲಿ ರೂಢಿ. ಅಣ್ಣೆ, ಹೊನಗೊನೆ, ಕೀರೆ, ಗಣಿಕೆ, ಒಂದು ಹಿಡಿ ನುಗ್ಗೆ. ಬದುವಿನ ಮೇಲೆ ಒಂದು ಸುತ್ತು ಹಾಕಿದರೆ ಮಡಿಲು ತುಂಬುತ್ತಿತ್ತು. ಈಗ ಬದುವಿಗೆ ಕಳೆನಾಶಕ ಹೊಡೆಯುತ್ತಾರೆ. ಐದು ಬಗೆಯ ಊಟವನ್ನು ಕಳೆ ಎಂದು ಸಾಯಿಸಿ, ಪೇಟೆಗೆ ಹೋಗಿ ಒಂದು ಕಟ್ಟು ಪಾಲಕ್ ಕೊಂಡು ತರುವ ಮಟ್ಟಕ್ಕೆ ನಾವು ಪ್ರಗತಿಪರ ಕೃಷಿಕರಾಗಿದ್ದೇವೆ. ಈ ವಿಷಯದಲ್ಲಿ ದಿಲ್ಲಿಯನ್ನಾಗಲಿ ಬೆಂಗಳೂರನ್ನಾಗಲಿ ಬೈಯಲು ಬರುವುದಿಲ್ಲ, ಪಂಪು ನಮ್ಮದೇ ಹೆಗಲ ಮೇಲಿದೆ.

ತೆಂಗಿನಕಾಯಿಯದಂತೂ ಅರಸೀಕೆರೆಗೆ ದೇವರು ಮಾಡಿದ ಕುಹಕ. ರೈಲಿನ ಕಿಟಕಿಯಲ್ಲಿ ನೋಡಿದರೆ ಜಂಕ್ಷನ್ನಿನ ಆಚೆ ಈಚೆ ತೆಂಗೇ ತೆಂಗು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದಾಗ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಕುಸಿದು, ರೈತರು ಹೆದ್ದಾರಿಯಲ್ಲಿ ಕೊಬ್ಬರಿ ಸುರಿದು ಕೂತರು. ಆಗ ಮನೆಮನೆಯಲ್ಲೂ ಚಟ್ನಿ ಧಾರಾಳ, ಜೇಬು ಮಾತ್ರ ಬರಿದು. 2025 ಬಂತು, ಕೊಬ್ಬರಿ ಇಪ್ಪತ್ತು ಸಾವಿರ ದಾಟಿ ಓಡಿತು. ಆದರೆ ಮರದಲ್ಲಿ ಕಾಯಿ ಇಲ್ಲ! ಬರ, ಬಿಳಿನೊಣ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಎಲ್ಲ ಸರದಿಯ ಮೇಲೆ ಬಂದು ಹೋಗಿದ್ದವು. ಇದ್ದ ನಾಲ್ಕು ಕಾಯಿಯನ್ನು ಒಡೆಯಲು ಮನಸ್ಸು ಬಾರದೆ ತೆಂಗಿನ ಸೀಮೆಯ ಗೃಹಿಣಿ ಕಡಲೆ, ಈರುಳ್ಳಿ ಹಾಕಿ ಚಟ್ನಿ ಅರೆದಳು. ದೇವರಿಗೂ ಒಡೆಯುವ ಕಾಯಿ ಸಣ್ಣದಾಯಿತು. ಪೌಷ್ಟಿಕ ತಜ್ಞರು ಅದೇ ವರ್ಷ ‘ಸ್ಥಳೀಯವಾಗಿ ಸಿಗುವ ಕೊಬ್ಬನ್ನೇ ಬಳಸಿ’ ಎಂದು ಉಪದೇಶಿಸುತ್ತಿದ್ದರು. ಸ್ಥಳೀಯ ಕೊಬ್ಬು ಲಾರಿ ಹತ್ತಿ ತಿಪಟೂರು ದಾಟಿತ್ತು. ಅಂಗಡಿಯಲ್ಲಿ ಸಿಗುತ್ತಿದ್ದದ್ದು ಸಮುದ್ರ ದಾಟಿ ಬಂದ ಪಾಮೆಣ್ಣೆ.

ರಾಗಿಯ ಪ್ರಯಾಣ ಇನ್ನೂ ದೀರ್ಘ. ರೈತ ರಾಗಿ ಬೆಳೆದು, ರೈತ ನೋಂದಣಿಯ ಫ್ರೂಟ್ಸ್ ಐಡಿ ಹುಡುಕಿ, ಹೆಬ್ಬೆಟ್ಟು ಒತ್ತಿ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರಿನಲ್ಲೇ ಮಲಗೆದ್ದು ಸರ್ಕಾರಕ್ಕೆ ಅಳೆದುಕೊಡುತ್ತಾನೆ. ಸರ್ಕಾರ ಅದನ್ನು ಗೋದಾಮಿನಲ್ಲಿ ಇಟ್ಟು, ಎತ್ತಿ, ಸಾಗಿಸಿ, ಪಡಿತರದ ಅಂಗಡಿಗೆ ತರುತ್ತದೆ. ಅಲ್ಲಿ ಅದೇ ರೈತನ ಹೆಂಡತಿ ಮತ್ತೆ ಹೆಬ್ಬೆಟ್ಟು ಒತ್ತಿ ಪುಕ್ಕಟೆ ಪಡೆಯುತ್ತಾಳೆ. ಹೊಲದಿಂದ ಒಲೆಗೆ ಇದ್ದ ನೂರು ಗಜ ದೂರವನ್ನು ಎರಡು ಹೆಬ್ಬೆಟ್ಟು, ನಾಲ್ಕು ಲಾರಿ ಸೇರಿ ಹೀಗೆ ಕ್ರಮಿಸುತ್ತವೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತಿ, ಯಾರು ಹೆಚ್ಚು ಎಂದು ತೀರ್ಮಾನಿಸಲು ಶ್ರೀರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ, ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಹೊರಬರುತ್ತದೆ. ಈಗ ಆ ಪರೀಕ್ಷೆಯನ್ನು ಆಹಾರ ಇಲಾಖೆಯ ಗೋದಾಮುಗಳು ಪ್ರತಿವರ್ಷ ನಡೆಸುತ್ತವೆ. ರಾಗಿ ಈಗಲೂ ಗೆಲ್ಲುತ್ತದೆ. ಊಟದ ತಟ್ಟೆಯಲ್ಲಿ ಮಾತ್ರ ಭತ್ತದ್ದೇ ಬಹುಮತ.

2023ನೇ ಇಸವಿ ನಮ್ಮ ಸೀಮೆಗೆ ಭಾರಿ ಕೀರ್ತಿ ತಂದ ವರ್ಷ. ಕಾಳಿಗೆ ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷದ ಪಟ್ಟ, ಕಲ್ಲಿಗೆ ಯುನೆಸ್ಕೊ ಪಟ್ಟ. ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ತಾಣಗಳಾದವು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ದಿಲ್ಲಿಯಲ್ಲಿ ಜಿ20ರ ಗಣ್ಯರಿಗೆ ಬೆಳ್ಳಿ ತಟ್ಟೆಯಲ್ಲಿ ಸಿರಿಧಾನ್ಯದ ಭಕ್ಷ್ಯ, ಬಯಲುಸೀಮೆಯಲ್ಲಿ ತೆನೆ ಕಟ್ಟದ ಪೈರಿನ ಮುಂದೆ ರೈತ. ರಾಗಿ ತನ್ನ ಸನ್ಮಾನಕ್ಕೆ ತಾನೇ ಬರಲಾಗದಿದ್ದ ಏಕೈಕ ವರ್ಷ ಅದಿರಬೇಕು. ಇಂಡಿಯಾ, ಆಫ್ರಿಕಾ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿಗಳನ್ನು ಕೊಟ್ಟು ಈ ನಾಡಿನ ಹೊಟ್ಟೆ ತುಂಬಿಸಿದ ‘ರಾಗಿ ಲಕ್ಷ್ಮಣಯ್ಯ’ನವರ ಹೆಸರು ಆ ವರ್ಷದ ಭಾಷಣಗಳಲ್ಲಿ ಎಷ್ಟು ಬಾರಿ ಬಂತೆಂದು ಕೇಳಿ ಯಾರನ್ನೂ ಮುಜುಗರಪಡಿಸಲು ನಾನು ಹೋಗುವುದಿಲ್ಲ.

ಊರಿನೊಳಗಿನ ಸತ್ಯ ಇನ್ನೂ ಕಿರಿಕಿರಿಯದು. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಗೆ ಹತ್ತು ಹೆಜ್ಜೆ ದೂರದ ಪೆಟ್ಟಿಗೆ ಅಂಗಡಿ ನೋಡಿ. ಮುಂದೆ ಐದು ರೂಪಾಯಿಯ ಪೊಟ್ಟಣಗಳ ತೋರಣ: ಉಪ್ಪು, ಎಣ್ಣೆ, ಮೈದಾ, ಬಣ್ಣ, ಅರ್ಧ ಗಾಳಿ. 6 ರೂಪಾಯಿ 78 ಪೈಸೆಯಲ್ಲಿ ಊಟ ಮಾಡಿಸಲು ಸರ್ಕಾರ ತಿಣುಕುತ್ತಿರುವಾಗ ಕಂಪನಿಗಳು ಐದು ರೂಪಾಯಿಯಲ್ಲಿ ಅದೇ ಮಗುವಿನ ಹಸಿವು ಕೊಂದು ಲಾಭವನ್ನೂ ಮಾಡುತ್ತಿವೆ. ದಕ್ಷತೆ ಎಂದರೆ ಇದು. ದೇಶದ ಒಟ್ಟು ರೋಗಭಾರದಲ್ಲಿ ಶೇಕಡಾ 56.4 ಕೆಟ್ಟ ಆಹಾರದಿಂದಲೇ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಬರೆಯಿತು. ಅದರಲ್ಲಿ 17 ಸೂತ್ರಗಳಿವೆ. ಪೊಟ್ಟಣದ ಮೇಲೆ ಒಂದೇ ಸೂತ್ರ, ‘ಇಲ್ಲಿ ಹರಿಯಿರಿ’. ಮಕ್ಕಳು ಅದನ್ನೇ ಪಾಲಿಸುತ್ತಾರೆ.

ತಾಯಂದಿರನ್ನು ದೂರುವುದು ಸುಲಭ. ಗಾರ್ಮೆಂಟ್ಸ್ ಬಸ್ಸು ಬೆಳಗ್ಗೆ ಏಳಕ್ಕೆ ಹಾರ್ನ್ ಹೊಡೆಯುವ ಊರಿನಲ್ಲಿ, ಬಸ್ಸಾರಿಗೆ ಬೇಕಾದ ಮೂರು ಗಂಟೆಯನ್ನು ಯಾವ ನ್ಯಾಯಬೆಲೆ ಅಂಗಡಿಯಲ್ಲಿ ಕೊಡುತ್ತಾರೆ? ಇನ್ನು ಮರ್ಯಾದೆಯ ಪ್ರಶ್ನೆ. ಮದುವೆ ಮನೆಯಲ್ಲಿ ಮುದ್ದೆ ಬಡಿಸಿದರೆ ‘ಪಾಪ, ಕೈ ಸಾಗಲಿಲ್ಲವೇನೋ’ ಎನ್ನುತ್ತಾರೆ. ಹಾಸನ ಜಿಲ್ಲೆಯ ಮುದ್ದೆ ಉಣ್ಣುವ ಮನೆಯಿಂದ ಹೋದವರು 1996ರಲ್ಲಿ ದೇಶದ ಪ್ರಧಾನಿಯೇ ಆದರು, ಆದರೂ ನಮ್ಮ ಹುಡುಗ ಬೆಂಗಳೂರಿನ ಹಾಸ್ಟೆಲಿನಲ್ಲಿ ಮುದ್ದೆಯ ಹೆಸರೆತ್ತಲು ನಾಚುತ್ತಾನೆ. ಅದೇ ಹುಡುಗನಿಗೆ ಕೆಲಸ ಸಿಕ್ಕಿ, ಸಂಬಳ ಏರಿ, ಸಕ್ಕರೆ ಕಾಯಿಲೆ ಗಡಿ ಮುಟ್ಟಿ, ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ಮೇಲೆ ರಾಗಿಗೆ ಹಿಂತಿರುಗುತ್ತಾನೆ. ಆಗ ಅದು ಚಿತ್ತಾರದ ಡಬ್ಬಿಯಲ್ಲಿ, ಕಲ್ಲಿನಲ್ಲಿ ಬೀಸಿದ್ದು ಎಂಬ ಮೊಹರಿನೊಂದಿಗೆ, ಅವನಪ್ಪ ಮಾರಿದ ಬೆಲೆಯ ಅನೇಕ ಪಟ್ಟು ದರಕ್ಕೆ ಮನೆ ಬಾಗಿಲಿಗೆ ಬರುತ್ತದೆ.

ಇಂಥವರಿಗಾಗಿ ಬೇಲೂರಿನ ಆಚೆ, ಕಾಫಿ ತೋಟದ ನಡುವಿನ ಯಾವುದೋ ರೆಸಾರ್ಟಿನಲ್ಲಿ ‘ಮಿತವ್ಯಯದ ಮೂಲ ಆಹಾರ’ ಎಂಬ ಎರಡು ದಿನದ ಶಿಬಿರವೊಂದನ್ನು ಕಲ್ಪಿಸಿಕೊಳ್ಳಿ. ಕಲ್ಪಿಸಿಕೊಳ್ಳಲು ಹೆಚ್ಚು ಕಷ್ಟಪಡಬೇಕಿಲ್ಲ. ಮಿತವ್ಯಯ ಕಲಿಯಲು ಶುಲ್ಕ ತಲೆಗೆ ಹನ್ನೆರಡು ಸಾವಿರ, ತೆರಿಗೆ ಪ್ರತ್ಯೇಕ. ಬೆಳಗ್ಗೆ ಚೆನ್ನಕೇಶವನ ದರ್ಶನ. ಮಾರ್ಗದರ್ಶಿ ಮದನಿಕೆಯೊಬ್ಬಳ ಮೇಲಿನ ಹಲಸಿನ ಹಣ್ಣು, ಅದರ ಮೇಲೆ ಕೂತ ನೊಣ, ನೊಣಕ್ಕೆ ಹೊಂಚಿದ ಹಲ್ಲಿ ತೋರಿಸುತ್ತಾನೆ. ಶಿಬಿರಾರ್ಥಿಗಳು ಇಡೀ ಆಹಾರ ಸರಪಳಿಯನ್ನು ಒಂದೇ ಚಿತ್ರದಲ್ಲಿ ಹಿಡಿದೆವೆಂದು ಮೊಬೈಲು ಒಳಗಿಡುತ್ತಾರೆ. ‘ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿಟ್ಟಿದ್ದಾರೆ’ ಎಂದು ಅವನು ಹೇಳುವಾಗ ಎಲ್ಲರಿಗೂ ರೋಮಾಂಚನ. 1117ರಲ್ಲಿ ಪ್ರತಿಷ್ಠೆಯಾದ ಗುಡಿ ಏಳಲು ಅಷ್ಟು ಉಳಿ ಹಿಡಿದವರಿಗೆ ದಿನಾ ಬೇಯಿಸಿ ಹಾಕಿದವರು ಯಾರು ಎಂದು ಕೇಳುವಷ್ಟರಲ್ಲಿ ಬಸ್ಸಿನ ಹಾರ್ನ್ ಆಗುತ್ತದೆ.

ಮಧ್ಯಾಹ್ನ ರೆಸಾರ್ಟಿನ ಹುಲ್ಲುಹಾಸಿನ ಮೇಲೆ ‘ಲೈವ್ ಮುದ್ದೆ ಕೌಂಟರ್’. ಪಕ್ಕದ ಊರಿನಿಂದ ಇಬ್ಬರು ಹೆಂಗಸರನ್ನು ದಿನಗೂಲಿಗೆ ಕರೆಸಿದ್ದಾರೆ. ಇಳಕಲ್ ಸೀರೆಯನ್ನು ರೆಸಾರ್ಟೇ ಕೊಟ್ಟಿದೆ. ಹಾಸನದ ಹೆಂಗಸರಿಗೆ ಇಳಕಲ್ ಯಾಕೆಂದರೆ ಫೋಟೋದಲ್ಲಿ ಹಳ್ಳಿ ಎದ್ದು ಕಾಣಬೇಕಲ್ಲ. ಮಣ್ಣಿನ ಒಲೆ, ಗಡಿಗೆ, ಮುದ್ದೆ ಕೋಲು. ಒಬ್ಬಾಕೆ ಎಸರಿಗೆ ಹಿಟ್ಟು ಸುರಿದು, ಎರಡೂ ಪಾದದಲ್ಲಿ ಕವೆಗೋಲು ಒತ್ತಿಹಿಡಿದು ತೊಳಸುತ್ತಾಳೆ. ಇನ್ನೊಬ್ಬಾಕೆ ಹುರುಳಿ ಕಟ್ಟು ಬಸಿಯುತ್ತಾಳೆ. ಸುತ್ತ ನಿಂತ ಶಿಬಿರಾರ್ಥಿಗಳಲ್ಲಿ ಒಬ್ಬರು ಇದು ಭುಜಕ್ಕೆ ಅದ್ಭುತ ವ್ಯಾಯಾಮ ಎನ್ನುತ್ತಾರೆ. ಮತ್ತೊಬ್ಬರು ನೀರು ಹಿಟ್ಟಿನ ಪ್ರಮಾಣ ಎಷ್ಟು ಎಂದು ಟಿಪ್ಪಣಿ ಪುಸ್ತಕ ತೆರೆಯುತ್ತಾರೆ. ಆಕೆ ‘ಮಂದಿ ನೋಡ್ಕಂಡು ಹಾಕದು ಕಣಮ್ಮ’ ಎಂದದ್ದು ಅವರ ಪುಸ್ತಕದಲ್ಲಿ ‘ಅಂತಃಪ್ರಜ್ಞೆಯ ಅಡುಗೆ’ ಎಂದು ದಾಖಲಾಗುತ್ತದೆ. ಒಬ್ಬ ತರುಣ ಪೋಷಣಾ ತಜ್ಞ ಮೈಕು ಹಿಡಿದು, ಈ ಇಡೀ ಊಟಕ್ಕೆ ತಗಲುವ ಖರ್ಚು ಕೇವಲ ಇಪ್ಪತ್ತು ರೂಪಾಯಿ ಎಂದು ಘೋಷಿಸುತ್ತಾನೆ. ಚಪ್ಪಾಳೆ. ಹನ್ನೆರಡು ಸಾವಿರದಲ್ಲಿ ಮಿಕ್ಕಿದ್ದು ಏನಾಯಿತೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಬಾಳೆಲೆ ಹಾಕಿಯಾಗಿದೆ.

ಎಲ್ಲರೂ ಕೂತು ಉಂಡರು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಹೇಳಿಕೊಟ್ಟಾಗ ಒಬ್ಬಿಬ್ಬರಿಗೆ ಬಿಕ್ಕಳಿಕೆ ಬಂತು, ಅದೂ ವಿಡಿಯೊ ಆಯಿತು. ಮೂರು ಗಂಟೆಯ ಹೊತ್ತಿಗೆ ತಪ್ಪಲೆ ತಿಕ್ಕಿ ಬೋರಲು ಹಾಕಿ, ಕೊಟ್ಟ ಸೀರೆಯನ್ನು ಬಿಚ್ಚಿ ಮಡಿಚಿ ಮ್ಯಾನೇಜರಿಗೆ ವಾಪಸು ಕೊಟ್ಟ ಮೇಲೆ ಆ ಹೆಂಗಸರಲ್ಲಿ ಹಿರಿಯಳು ಕೇಳಿದಳು: ‘ನಮ್ಗೇನಾದ್ರೂ ಉಣ್ಣಕ್ಕೆ ಮಡಗಿದೀರಾ ಸಾ?’

‘ನಿಮಗೆ ಬೇರೆ ತರಿಸಿದೀವಿ’ ಎಂದು ಮ್ಯಾನೇಜರು ಪ್ಲಾಸ್ಟಿಕ್ ಚೀಲದಿಂದ ಎರಡು ಪೊಟ್ಟಣ ತೆಗೆದುಕೊಟ್ಟ. ಬೇಲೂರು ಬಸ್ ನಿಲ್ದಾಣದ ಹೋಟೆಲಿನ ಪಲಾವು. ಬಿಳೀ ಅಕ್ಕಿ, ಡಾಲ್ಡಾ, ಬಣ್ಣ, ನಾಲ್ಕು ಬಟಾಣಿ.

ಪೊಟ್ಟಣ ಬಿಚ್ಚಿ ಮೂಸಿ ನೋಡಿದ ಹಿರಿಯಳ ಮುಖ ಅರಳಿತು. ಪಕ್ಕದವಳ ಕಡೆ ತಿರುಗಿ ಅಂದಳು: ‘ಸದ್ಯ, ಇಲ್ಲೂ ಮುದ್ದೆನೇ ಕೊಡ್ತಾರೇನೋ ಅನ್ಕಂಡಿದ್ದೆ.’